ಗುಬ್ಬಿ ಕಚ್ಚಿತು

ಗುಬ್ಬಿ ತನ್ನ ಗಂಡನ ಕಿವಿಯನ್ನು ಕಚ್ಚಿ ತುಂಡು ಮಾಡಿದವಳು ಎನ್ನುವುದು ಗೊತ್ತಿದ್ದೇ ನಾನು ಅವಳ ಕೈಗೆ ಮಗಳನ್ನು ಕೊಟ್ಟೆ. ನಮ್ಮ ಬೀದಿಯಲ್ಲಿ ಅದೇನೂ ಗುಟ್ಟಲ್ಲ. ಆ ಗಂಡ ಈಗಲೂ ಯಾವಾಗಲಾದರೊಮ್ಮೆ ಲಾರಿ ನಿಲ್ಲುವ ಜಾಗದಲ್ಲಿ ಕಾಣಿಸುತ್ತಾನೆ. ಸುಡುವ ಬಿಸಿಲಲ್ಲೂ ಎಡಗಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿರುತ್ತಾನೆ. ಹುಡುಗರು ಹಿಂದಿನಿಂದ "ಅರೆಕಿವಿ, ಅರೆಕಿವಿ" ಎಂದು ಕೂಗಿ ಓಡಿಹೋಗುತ್ತಾರೆ.

ನಾನಾದರೋ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸು ಬರುವವಳು. ಮಗಳು ಎರಡು ಸಲ ಕೆಮ್ಮಿದರೆ ನನ್ನ ಉಸಿರು ನಿಲ್ಲುತ್ತದೆ. ಅಂಥವಳು ಹೇಗೆ ಕೊಟ್ಟೆ? ಬೇರೆ ದಾರಿ ಇರಲಿಲ್ಲ ಎನ್ನುವುದು ಅರ್ಧ ಉತ್ತರ. ನಾನು ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕೆ ಹೋಗಬೇಕು, ನಮ್ಮವರು ಲೇತ್ ಕಾರ್ಖಾನೆಗೆ, ಅತ್ತೆ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಗೆ. ಉಳಿದರ್ಧ ಉತ್ತರ, ಗುಬ್ಬಿ ಮೊದಲ ದಿನ ಬಂದಾಗ ಆಡಿದ ಮಾತು.

"ನಿಮ್ಮ ಬಗ್ಗೆ ಏನೇನೋ ಹೇಳ್ತಾರೆ..." ಎಂದು ನಾನು ತಡವರಿಸಿದೆ.

"ಕಿವಿ ವಿಷಯಾನಾ? ಹೂಂ ಅಕ್ಕಾ, ಕಚ್ಚಿದ್ದು ನಿಜ. ಆದ್ರೆ ಉಗುಳಿಬಿಟ್ಟೆ. ನುಂಗಿಲ್ಲ, ಹೆದರ್ಬೇಡಿ."

ಆಮೇಲೆ ಮಗಳ ಕಡೆ ತಿರುಗಿ, ಅವಳ ಮೂಗಿನ ಸಿಂಬಳವನ್ನು ತನ್ನ ಸೆರಗಿನಿಂದಲೇ ಒರೆಸಿದಳು. ಆ ಸೆರಗು ತೊಳೆದದ್ದೋ ಅಲ್ಲವೋ ಎಂದು ನಾನು ಯೋಚಿಸುವಷ್ಟರಲ್ಲಿ ಮಗಳು ಅವಳ ಸೊಂಟ ಹತ್ತಿ ಕೂತಾಗಿತ್ತು.

ಅವಳ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಆಳು ನನ್ನ ಭುಜದವರೆಗೂ ಬರುವುದಿಲ್ಲ. ಮಣಿಕಟ್ಟು ಹಿಡಿದರೆ ಬೆರಳು ಒಂದಕ್ಕೊಂದು ತಾಕುತ್ತದೆ. ಹಾಗಾಗಿ ಗುಬ್ಬಿ. ತಾಯಿ ಇಲ್ಲದೆ ಸೋದರಮಾವನ ಗುಜರಿ ಅಂಗಡಿಯಲ್ಲಿ ಒಡೆದ ಬಾಟಲಿ ವಿಂಗಡಿಸಿ ಬೆಳೆದವಳು. ಅಂಗೈ ತುಂಬ ಗಾಜಿನ ಗೆರೆಗಳು. ಮಾವ ಅವಳನ್ನು ಒಬ್ಬ ಲಾರಿ ಕ್ಲೀನರನಿಗೆ ಕಟ್ಟಿದ. ಅವನು ಹೊಡೆಯುತ್ತಿದ್ದ. ಬೆಲ್ಟಿನಲ್ಲಿ, ಜಾಕಿಯ ಹಿಡಿಯಲ್ಲಿ, ಕೈಗೆ ಸಿಕ್ಕಿದ್ದರಲ್ಲಿ. ಹೊಡೆತದ ಬಗ್ಗೆ ಹೇಳುವಾಗ ಗುಬ್ಬಿ ಬೇರೆಯವರ ಮನೆಯ ಕಥೆ ಹೇಳಿದ ಹಾಗೆ ಹೇಳುತ್ತಿದ್ದಳು. ಅವಳಿಗೆ ಸಿಟ್ಟು ಬರುತ್ತಿದ್ದದ್ದು ಬೇರೆ ಒಂದಕ್ಕೆ.

"ಒಂದು ದಿನಾನೂ ನನ್ನ 'ಅವಳು' ಅಂದಿಲ್ಲ ಅಕ್ಕಾ ಅವ್ನು. 'ಅದು' ಅಂತಿದ್ದ. ಅದು ಬಂತು, ಅದು ತಿಂತು, ಅದು ಬಿದ್ಕೊಂಡಿದೆ. ಪ್ರೀತಿಗೆ ಅನ್ನೋರು ಇರ್ತಾರೆ, ಅದು ಬೇರೆ. ಇವ್ನು ಎಮ್ಮೆಗೆ ಅಂದ ಹಾಗೆ ಅಂತಿದ್ದ."

ತುಂಬಿದ ಬಸುರಿಯಾಗಿದ್ದಾಗ ಅವನು ಅವಳ ಹೊಟ್ಟೆಗೆ ಒದ್ದ. ಮಗು ಸತ್ತೇ ಹುಟ್ಟಿತು. ಸೂಲಗಿತ್ತಿ ಅದನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತು ಗೆಳೆಯನಿಗೆ ಹೇಳಿದನಂತೆ: "ಅದಕ್ಕೆ ಹೆರೋಕೂ ಬರಲ್ಲ." ಗುಬ್ಬಿ ಚಾಪೆಯಿಂದ ಎದ್ದು, ಕಾಲಲ್ಲಿ ರಕ್ತ ಇಳಿಯುತ್ತಿದ್ದಂತೆಯೇ, ಅವನ ಬೆನ್ನು ಹತ್ತಿ ಕಿವಿಗೆ ಬಾಯಿ ಹಾಕಿದಳು. ಇಬ್ಬರು ಗಂಡಸರು ಎಳೆದರೂ ಬಿಡಲಿಲ್ಲ. ಬಿಟ್ಟಾಗ ಕಿವಿ ಅರ್ಧವೇ ಉಳಿದಿತ್ತು. ಅಂದಿನಿಂದ ಅವಳ ಮೇಲೆ ಬೀದಿಯಲ್ಲಿ ಯಾರೂ ಕೈ ಎತ್ತಿರಲಿಲ್ಲ.

ಮಗಳಿಗೆ ನಾನು "ಗುಬ್ಬಿ ಚಿಕ್ಕಮ್ಮ ಅನ್ನು" ಎಂದು ಕಲಿಸಲು ಹೋದೆ. ಗುಬ್ಬಿ ತಡೆದಳು.

"ಚಿಕ್ಕಮ್ಮಾನೂ ಬೇಡ, ದೊಡ್ಡಮ್ಮಾನೂ ಬೇಡ. ಗುಬ್ಬಿ ಅಂತಾನೇ ಅನ್ಲಿ. ಆದ್ರೆ 'ಬಂದ್ಳು' ಅನ್ಲಿ, 'ಬಂತು' ಅನ್ಬಾರ್ದು. ಅಷ್ಟೇ."

ಮಾತು ಕಲಿಯುವ ಮಕ್ಕಳು ಎಲ್ಲರಿಗೂ ಬಂತು, ಹೋಯ್ತು ಅನ್ನುವುದು ಸಾಮಾನ್ಯ. ನನ್ನ ಮಗಳು ಅಪ್ಪನಿಗೂ "ಅಪ್ಪ ಹೋಯ್ತು" ಅನ್ನುತ್ತಿದ್ದಳು. ಗುಬ್ಬಿಯ ವಿಷಯಕ್ಕೆ ಮಾತ್ರ ತಪ್ಪು ನಡೆಯುವಂತಿರಲಿಲ್ಲ. ಅದನ್ನು ಅವಳು ಆಟ ಮಾಡಿ ಕಲಿಸಿದಳು. ನಮ್ಮ ಮಲಗುವ ಕೋಣೆಯಲ್ಲಿ ಮಗಳು ಮಲಗುವ ಮಂಚದ ಮೇಲ್ಗಡೆ ಗೋಡೆಯಲ್ಲೊಂದು ಗಾಳಿಕಿಂಡಿ ಇದೆ; ನಾವಿಬ್ಬರು ಆಚೆ ಮೂಲೆಯಲ್ಲಿ ಚಾಪೆ ಹಾಸಿಕೊಳ್ಳುತ್ತೇವೆ. ಅದರಲ್ಲಿ ಗುಬ್ಬಚ್ಚಿ ಗೂಡು ಕಟ್ಟಿತ್ತು. ಹಕ್ಕಿ ಹುಳ ಕಚ್ಚಿಕೊಂಡು ಬಂದರೆ ಮಗಳು "ಗುಬ್ಬಿ ಬಂತು" ಎಂದು ಚಪ್ಪಾಳೆ ತಟ್ಟಬೇಕು. ಗುಬ್ಬಿ ಬಾಗಿಲ ಹಿಂದಿನಿಂದ ಹಾರಿ ಬಂದರೆ "ಗುಬ್ಬಿ ಬಂದ್ಳು" ಎಂದು ಕಿರುಚಬೇಕು. ತಪ್ಪಿದರೆ ಕಚಗುಳಿ. ಈ ಆಟದ ನಡುವೆ ಮಗಳ ಊಟ ಮುಗಿದುಹೋಗುತ್ತಿತ್ತು. ನನ್ನ ಕೈಯಲ್ಲಿ ಒಂದು ತುತ್ತು ತಿನ್ನದ ಹುಡುಗಿ! ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದರೂ ಸುಳ್ಳಲ್ಲ.

ಮರಿಗಳು ರೆಕ್ಕೆ ಬಲಿತು ಹಾರಿಹೋದವು. ಕಿಂಡಿ ಖಾಲಿಯಾಯಿತು. ಆಮೇಲೆ ಶುರುವಾಯಿತು ನೋಡಿ.

ಬೆಳಿಗ್ಗೆ ಮಗಳ ಕುತ್ತಿಗೆಯ ಮಡಿಕೆಯಲ್ಲಿ, ಕಂಕುಳಲ್ಲಿ, ಚಡ್ಡಿಯ ಪಟ್ಟಿ ಕೂರುವ ಕಡೆ ಸಣ್ಣ ಸಣ್ಣ ಕೆಂಪು ಚುಕ್ಕಿ. ತುರಿಸಿ ತುರಿಸಿ ರಕ್ತ. ಸೊಳ್ಳೆ ಎಂದುಕೊಂಡು ಪರದೆ ಕಟ್ಟಿದೆ, ನಿಲ್ಲಲಿಲ್ಲ. ಹಾಲು ಒಗ್ಗಲಿಲ್ಲವೇನೋ ಎಂದು ಹಾಲು ನಿಲ್ಲಿಸಿದೆ, ಸೋಪು ಬದಲಿಸಿದೆ. ಫೋನಿನಲ್ಲಿ ಓದಿದ ರೋಗಗಳೆಲ್ಲ ಮಗಳಿಗೆ ಬಂದಿವೆ ಎಂದು ಕಣ್ಣೀರು ಹಾಕಿದೆ.

"ಅಳೋದು ಬಿಟ್ಟು ಹಾಸಿಗೆ ಎತ್ತು. ತಿಗಣೆ ಇದು" ಎಂದರು ಅತ್ತೆ.

ನನ್ನ ಅತ್ತೆಯ ತೋಳು ನೋಡಿದವರು ಅವರೊಂದಿಗೆ ಜಗಳಕ್ಕೆ ನಿಲ್ಲುವುದಿಲ್ಲ. ಆಯಸ್ಸೆಲ್ಲ ಆಸ್ಪತ್ರೆಯ ಹಂಡೆಯಲ್ಲಿ ಕುದಿಯುವ ಹಾಸುಬಟ್ಟೆಗಳನ್ನು ದೊಣ್ಣೆಯಿಂದ ತಿರುವಿದ ತೋಳು. ಸವೆದು ಬಾಗಿದ ಅಂಥ ಒಂದು ದೊಣ್ಣೆಯನ್ನು ಮನೆಗೂ ತಂದಿಟ್ಟುಕೊಂಡಿದ್ದರು. ಮಂಚದ ಸಂದುಗಳಿಗೆ ಕುದಿನೀರು ಸುರಿದರು. ಹಾಸಿಗೆಯನ್ನು ಬೀದಿಗೆಳೆದು ಕಟ್ಟೆಯ ಮೇಲೆ ಹಾಕಿ, ಕೊಲೆಗಾರನನ್ನು ಬಡಿದ ಹಾಗೆ ಬಡಿದರು. ಹೊಲಿಗೆ ಬಿಚ್ಚಿ ಹತ್ತಿ ಹರಡಿದರು. ತಿಗಣೆ ಇದ್ದರೆ ಹೊಲಿಗೆಯ ಗುಂಟ ಕರೀ ಚುಕ್ಕೆ ಇರಬೇಕು, ಹೊಸಕಿದರೆ ಕೊಳೆತ ವಾಸನೆ ಬರಬೇಕು. ಒಂದೂ ಇಲ್ಲ. ಚಿಗಟವಾದರೆ ಕಾಲಿಗೆ ಕಚ್ಚುತ್ತದೆ. ಮಗಳ ಕಾಲು ಹೂವಿನ ಹಾಗಿತ್ತು. ಹುತ್ತ ಬಡಿದರೆ ಹಾವು ಸಾಯುತ್ತದೆಯೇ? ಆದರೆ ಹುತ್ತವಾದರೂ ಯಾವುದು?

ಅದೊಂದು ರಜೆಯ ಬೆಳಿಗ್ಗೆ. ಹೊರಗೆ ಅತ್ತೆ ಹಾಸಿಗೆ ಬಡಿಯುತ್ತಿದ್ದರು. ಹೊಸ್ತಿಲ ಒಳಗೆ ನಾನು ಮಗಳ ಕುತ್ತಿಗೆಗೆ ಮುಲಾಮು ಹಚ್ಚುತ್ತಿದ್ದೆ.

"ಏನು ಕಚ್ತು ಕಂದಾ ಇಲ್ಲಿ?"

"ಗುಬ್ಬಿ" ಎಂದಳು ಮಗಳು. "ಗುಬ್ಬಿ ಕಚ್ತು."

ಹೊರಗೆ ದೊಣ್ಣೆಯ ಸದ್ದು ನಿಂತಿತು.

"ಏನಂದ್ಳು ಅವ್ಳು?" ಅತ್ತೆ ಬಾಗಿಲಿಗೆ ಬಂದರು. ಮೈಯೆಲ್ಲ ಹತ್ತಿಯ ನಾರು, ಕಣ್ಣು ಕೆಂಪು. "ಇನ್ನೊಂದ್ಸಲ ಹೇಳು ಪುಟ್ಟಾ. ಯಾರು ಕಚ್ಚಿದ್ದು?"

"ಗುಬ್ಬಿ!"

ಎದುರುಗಡೆ ಬಟ್ಟೆಗೆ ನೀರು ಚಿಮುಕಿಸುತ್ತಿದ್ದ ಇಸ್ತ್ರಿಯವನ ಹೆಂಡತಿ ಅಲ್ಲಿಂದಲೇ ಹೇಳಿದಳು: "ಅಯ್ಯೋ, ರುಚಿ ಕಂಡ ಬಾಯಿ ಬಿಡುತ್ತಾ ದೊಡ್ಡಮ್ಮಾ? ಕಿವಿ ತಿಂದೋಳು."

"ಅತ್ತೆ, ಇದು ಹಲ್ಲಿನ ಗುರುತಲ್ಲ" ಎಂದೆ. ನಾನು ದಿನವಿಡೀ ಹಲ್ಲಿನ ಅಚ್ಚುಗಳ ನಡುವೆ ಕೂರುವವಳು. "ಹಲ್ಲಾಗಿದ್ರೆ ಕಮಾನಿನ ಹಾಗೆ ಸಾಲು ಮೂಡುತ್ತೆ. ಇದು ಚುಕ್ಕಿ, ಅಲ್ಲೊಂದು ಇಲ್ಲೊಂದು..."

"ಹಾಗಾದ್ರೆ ಉಗುರಲ್ಲಿ ಚಿವುಟಿದ್ದಾಳೆ. ಕೂಸಿಗೇನು ಗೊತ್ತು, ಕಚ್ಚೋದು ಚಿವುಟೋದು ಎಲ್ಲಾ ಒಂದೇ. ನಿನ್ನ ಡಾಕ್ಟರ್ ಕಥೆ ನಿನ್ನ ಹತ್ರಾನೇ ಇಟ್ಕೊ."

ಅದೇ ಹೊತ್ತಿಗೆ ಗುಬ್ಬಿ ಬೀದಿಯ ತುದಿಯಲ್ಲಿ ಕಾಣಿಸಿದಳು. ಮಗಳು ನನ್ನ ಕೈ ಜಾರಿ, "ಗುಬ್ಬಿ ಬಂದ್ಳು! ಗುಬ್ಬಿ ಬಂದ್ಳು!" ಎನ್ನುತ್ತ ಓಡಿ ಅವಳ ಸೊಂಟ ಹತ್ತಿದಳು. ನಾನು ಹಿಂದೆಯೇ ಓಡಿದೆ. ಅತ್ತೆ ನನ್ನನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ತಳ್ಳಿದರು. ನಾನು ಕಟ್ಟೆಗೆ ಬಿದ್ದು ಮೊಣಕಾಲು ತರಚಿತು.

"ಯಾವ ಕೈಲಿ ಚಿವುಟ್ದೆ ಹೇಳೇ! ನನ್ನ ಮೊಮ್ಮಗಳನ್ನ ಯಾವ ಕೈಲಿ ಚಿವುಟ್ದೆ?"

"ಏನ್ ದೊಡ್ಡಮ್ಮಾ..." ಎನ್ನುವಷ್ಟರಲ್ಲಿ ಮೊದಲ ಏಟು ಬಿತ್ತು. ಬೆನ್ನಿಗೆ. ಗುಬ್ಬಿ ಕೆಳಗೆ ಕೂತಳು. ಮಗುವನ್ನು ಎದೆಗೆ ಒತ್ತಿ, ಅದರ ತಲೆಯ ಮೇಲೆ ಗದ್ದ ಊರಿ, ಬೆನ್ನನ್ನು ಗೂಡಿನ ಹಾಗೆ ಬಾಗಿಸಿದಳು. ಎರಡನೆಯದು ಭುಜಕ್ಕೆ. ಸಿಟ್ಟಿನಲ್ಲಿ ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ದೊಣ್ಣೆ ಮಗುವಿನ ಕಾಲಿನ ಕಡೆಗೆ ಬೀಸಿ ಬಂತು. ಗುಬ್ಬಿ ಎಡಗೈಯನ್ನು ಅಡ್ಡ ಹಿಡಿದಳು. ಒಣಗಿದ ಸೌದೆ ಮುರಿದ ಹಾಗೆ ಸದ್ದಾಯಿತು.

ನಾನು ಕಿರುಚಿದೆ. ಇಸ್ತ್ರಿಯವನ ಹೆಂಡತಿಯೂ ಕಿರುಚಿದಳು. ಕಿರುಚದವಳು ಗುಬ್ಬಿ ಒಬ್ಬಳೇ. ಅತ್ತೆಯ ಮೊಣಕೈ ಅವಳ ಬಾಯಿಯ ಹತ್ತಿರವೇ ಇತ್ತು, ಕಚ್ಚಬೇಕೆಂದರೆ ಕಚ್ಚಬಹುದಿತ್ತು. ಕಿವಿ ತಿಂದವಳು ಅಂದು ತುಟಿ ಬಿಚ್ಚಲಿಲ್ಲ. ತೆವಳಿ ಬಂದ ನನ್ನ ಮಡಿಲಿಗೆ ಮಗುವನ್ನು ಜಾರಿಸಿ, ಜೋತುಬಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಎದ್ದು ನಿಂತಳು. ಬೀದಿಯವರು ದಾರಿ ಬಿಟ್ಟರು. ಯಾರೋ ಅವಳ ಹಿಂದೆ ಉಗುಳಿದರು.

ಹೊರಗೆ ಹೋಗಿದ್ದ ನಮ್ಮವರು ಬಂದವರೇ ತಾಯಿಯ ಪರ ನಿಂತರು. "ಪೊಲೀಸಿಗೆ ಹೇಳಲಿಲ್ಲ ಅಂತ ಅವ್ಳು ಪುಣ್ಯ ಅಂದ್ಕೋಬೇಕು" ಎಂದರು. ನಾನು ಮಗಳ ಬಟ್ಟೆ ಬಿಚ್ಚಿ ಮೈಯೆಲ್ಲ ಹುಡುಕಿದೆ. ಆ ದೊಣ್ಣೆಯ ಒಂದು ಗುರುತೂ ಇರಲಿಲ್ಲ. ಇದ್ದವೆಲ್ಲ ಅವೇ ಕೆಂಪು ಚುಕ್ಕಿಗಳು.

ಆ ರಾತ್ರಿ ಅತ್ತೆ ಅದೇ ಮಂಚದ ಮೇಲೆ ಮೊಮ್ಮಗಳ ಪಕ್ಕದಲ್ಲೇ ಮಲಗಿದರು, ದೊಣ್ಣೆಯನ್ನೂ ಪಕ್ಕದಲ್ಲಿಟ್ಟುಕೊಂಡು. ಬೆಳಿಗ್ಗೆ ಎದ್ದಾಗ ಅವರೇ ಮೊದಲು ತುರಿಸಿಕೊಳ್ಳುತ್ತಿದ್ದರು. ಕುತ್ತಿಗೆಯ ಮಡಿಕೆ, ಕಂಕುಳು, ಸೀರೆ ಬಿಗಿಯುವ ಸೊಂಟ: ಎಲ್ಲ ಕಡೆ ಚುಕ್ಕಿ. ಮಗಳ ಮೈಮೇಲೂ ಹೊಸವು.

"ನಿಮ್ಮನ್ನ ಯಾರು ಚಿವುಟಿದ್ರು ಅತ್ತೆ?" ಎಂದು ಕೇಳಿದೆ.

ಉತ್ತರಿಸಿದ್ದು ಮಗಳು, ಅಜ್ಜಿಯ ಕುತ್ತಿಗೆ ಮುಟ್ಟಿ ನೋಡುತ್ತ: "ಅಜ್ಜೀಗೂ ಗುಬ್ಬಿ ಕಚ್ತು."

ಕಚ್ತು.

ಅಪ್ಪ ಹೋಯ್ತು, ಅಜ್ಜಿ ಬೈತು, ಹಾಲಿನವನು ಬಂತು. ಲೋಕದಲ್ಲಿ ಎಲ್ಲರೂ ನನ್ನ ಮಗಳಿಗೆ 'ಅದು'. ಒಬ್ಬಳನ್ನು ಬಿಟ್ಟು.

ಅವಳ ಮುಂದೆ ಮಂಡಿಯೂರಿ ಕೂತು ಕೇಳಿದೆ: "ಕಂದಾ, ಗುಬ್ಬಿ ಕಚ್ಚಿದ್ಳಾ?"

ಮಗಳಿಗೆ ಸಿಟ್ಟು ಬಂತು. ಆಟದ ನಿಯಮ ಗೊತ್ತಿಲ್ಲದ ಅಮ್ಮ! ಕಾಲು ನೆಲಕ್ಕೆ ಅಪ್ಪಳಿಸಿ ಹೇಳಿದಳು: "ಕಚ್ಚಿದ್ಳು ಅಲ್ಲ! ಗುಬ್ಬಿ ಕಚ್ತು! ಗುಬ್ಬಿ ಅಲ್ಲಿಂದ ಪುಡಿ ಹಾಕ್ತು, ಕಚ್ತು!" ಬೆರಳು ಗಾಳಿಕಿಂಡಿಯ ಕಡೆ.

ನಾನು ಮಂಚದ ತಲೆಕಡೆಯ ಹಲಗೆಯ ಮೇಲೆ ಒಂದು ಬಿಳಿ ಕಾಗದ ಹರಡಿ, ಪೊರಕೆಯ ಹಿಡಿಯಿಂದ ಕಿಂಡಿಯನ್ನು ಕುಟ್ಟಿದೆ. ಹುಲ್ಲಿನ ಎಳೆ ಉದುರಿತು. ಜೊತೆಗೆ ಬೂದಿಯಂಥ ಪುಡಿ. ಬಗ್ಗಿ ನೋಡಿದೆ. ಪುಡಿ ನಡೆಯುತ್ತಿತ್ತು. ಸಾಸಿವೆಯ ಚೂರಿಗಿಂತ ಸಣ್ಣವು, ನೂರಾರು, ಕಾಗದದ ಅಂಚಿಗೆ ಹರಿಯುತ್ತಿದ್ದವು. ಹೆಬ್ಬೆರಳಿನಿಂದ ಒತ್ತಿದೆ. ಬಿಳಿಯ ಮೇಲೆ ಕೆಂಪಾಗಿ ಒರೆಸಿಕೊಂಡಿತು. ಅದು ನನ್ನ ಮಗಳ ರಕ್ತ.

ಕೋಳಿ ಸಾಕುವ ಮನೆಗಳಲ್ಲಿ ಕೋಳಿಹೇನು ಅನ್ನುತ್ತಾರಲ್ಲ, ಅದರ ದಾಯಾದಿ ಇದು. ಗೂಡಿನಲ್ಲಿ ಮರಿಗಳಿದ್ದಷ್ಟು ದಿನ ಮರಿಗಳ ರಕ್ತ ಕುಡಿದುಕೊಂಡಿತ್ತು. ಮರಿಗಳು ಹಾರಿಹೋದ ಮೇಲೆ ಹಸಿದು, ಗೋಡೆ ಇಳಿದು, ಬೆಚ್ಚಗೆ ಮಲಗಿದ್ದ ಮೈ ಹುಡುಕಿಕೊಂಡು ಬಂತು. ನಾವು ಹಾಸಿಗೆ ಬಿಚ್ಚಿದೆವು, ಮಂಚಕ್ಕೆ ಕುದಿನೀರು ಹೊಯ್ದೆವು. ತಲೆ ಎತ್ತಿ ನೋಡಿದವರು ಒಬ್ಬರೂ ಇಲ್ಲ.

ಅತ್ತೆ ಸ್ಟೂಲು ಹತ್ತಿ ಬರಿಗೈಯಲ್ಲೇ ಗೂಡನ್ನು ಕಿತ್ತರು. ಬೀದಿಗೆ ಒಯ್ದು ಬೆಂಕಿ ಹಚ್ಚಿದರು. ಅದು ಉರಿದು ಬೂದಿಯಾದ ಮೇಲೂ ದೊಣ್ಣೆಯಿಂದ ಬೂದಿಯನ್ನು ಹೊಡೆಯುತ್ತಲೇ ಇದ್ದರು. ನೆಲದ ಗಾರೆ ಚಕ್ಕೆ ಎದ್ದಿತು.

"ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಂದ್ರೆ ಇದೇ ನೋಡಿ" ಎಂದಳು ಇಸ್ತ್ರಿಯವನ ಹೆಂಡತಿ.

"ಬಾಯ್ಮುಚ್ಚೇ. ರುಚಿ ಕಂಡ ಬಾಯಿ ಅಂದೋಳು ನೀನೇ" ಎಂದರು ಅತ್ತೆ. ಆದರೆ ದನಿಯಲ್ಲಿ ಕಸುವಿರಲಿಲ್ಲ. ಆಮೇಲೆ ನನ್ನ ಮುಖ ನೋಡದೆ, "ಹೋಗು. ಕರ್ಕೊಂಡು ಬಾ ಅವಳನ್ನ" ಎಂದರು.

ಗುಬ್ಬಿಯ ಕೋಣೆ ಗುಜರಿ ಅಂಗಡಿಯ ಹಿಂದೆ. ಕೈಗೆ ಪ್ಲಾಸ್ಟರು, ಭುಜ ಊದಿ ಸೋರೆಕಾಯಿಯಾಗಿತ್ತು. ಮಗಳು ಹೊಸ್ತಿಲಲ್ಲೇ "ಗುಬ್ಬಿ!" ಎಂದು ಅಳುತ್ತ ಅವಳ ಕಾಲು ತಬ್ಬಿದಳು. ಗುಬ್ಬಿ ಒಳ್ಳೆಯ ಕೈಯನ್ನು ಅವಳ ತಲೆಯ ಮೇಲಿಟ್ಟಳು, ಆದರೆ ಕಣ್ಣು ನನ್ನ ಮೇಲಿತ್ತು. ನಾನು ಎಲ್ಲ ಹೇಳಿದೆ. ಗೂಡು, ಪುಡಿ, ಕಾಗದ, 'ಕಚ್ತು'.

ಅವಳು ನಕ್ಕಳು. ನಕ್ಕರೆ ಪಕ್ಕೆ ನೋಯುತ್ತಿತ್ತೇನೋ, ಮುಖ ಕಿವುಚಿತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಕೂಸು ಸರಿಯಾಗೇ ಹೇಳಿದೆಯಲ್ಲ ಅಕ್ಕಾ! ಅಷ್ಟು ಓದಿದೀರಿ, 'ತು' ಯಾವ್ದು 'ಳು' ಯಾವ್ದು ಅಂತ ನಿಮ್ಮನೇಲಿ ಒಬ್ರಿಗೂ ಕೇಳಿಸ್ಲಿಲ್ವಾ?"

"ಅತ್ತೆ ಕರೀತಿದಾರೆ. ಮನೆಗೆ ಬನ್ನಿ. ಅವರು ಒಳಗೆ ಕೂತು ನಿಮ್ಮ ಹತ್ರ ತಪ್ಪಾಯ್ತು ಅಂತ..."

"ಒಳಗೆ ಯಾಕೆ? ಹೊಡೆದದ್ದು ಬೀದೀಲಿ. ಬೀದೀಲಿ ಹೊಡೆದದ್ದನ್ನ ಅಡಿಗೆಮನೇಲಿ ತೊಳೆಯೋಕಾಗಲ್ಲ. ಅವ್ರನ್ನ ಕಟ್ಟೆ ಮೇಲೆ ನಿಲ್ಲೋಕೆ ಹೇಳಿ. ಅದೇ ದೊಣ್ಣೆ ಇರ್ಲಿ."

"ಗುಬ್ಬೀ, ಅವರಿಗೆ ವಯಸ್ಸಾಗಿದೆ..."

"ನಂಗೂ ಮೂಳೆ ಇದೆ. ಹಾಗಾಗದಿದ್ರೆ ಕೂಸನ್ನ ಕರ್ಕೊಂಡು ಹೋಗಿ. ನಾಳೆ ಇನ್ನೊಂದು ಮಗೂಗೆ ಬೊಕ್ಕೆ ಬಂದ್ರೂ ಬೀದಿಯವ್ರು ನನ್ನ ಬಾಗಿಲಿಗೇ ಬರ್ತಾರೆ. ಆ ಬಾಗಿಲನ್ನ ನಿಮ್ಮತ್ತೇನೇ ಮುಚ್ಬೇಕು."

ಆಗುವುದಿಲ್ಲ ಎಂದುಕೊಂಡೇ ಮನೆಗೆ ಬಂದೆ. ಗುಬ್ಬಿ ಅಂದದ್ದನ್ನೆಲ್ಲ ಅತ್ತೆಗೆ ಹೇಳಿದೆ. ನಮ್ಮವರು ಕೂಗಾಡಿದರು: "ಏನಂದ್ಕೊಂಡಿದೆ ಅದು? ಕೂಲಿ ಹೆಂಗಸು..."

"ಅದು ಅನ್ಬೇಡ್ವೋ" ಎಂದರು ಅತ್ತೆ. ಅಷ್ಟೇ. ಎದ್ದು ಮುಖ ತೊಳೆದುಕೊಂಡು, ದೊಣ್ಣೆ ತೆಗೆದುಕೊಂಡು, ಹೊರಗೆ ಹೋಗಿ ಕಟ್ಟೆಯ ಮೇಲೆ ನಿಂತರು.

ಗುಬ್ಬಿ ಬಂದಳು. ಬೀದಿ ಪೂರ್ತಿ ಬಾಗಿಲಲ್ಲಿತ್ತು. ಕಟ್ಟೆಯ ಮೇಲೆ ನಿಂತ ಅತ್ತೆಯ ಮುಂದೆ ಅವಳು ಸೊಂಟದೆತ್ತರಕ್ಕೂ ಇರಲಿಲ್ಲ. ಅತ್ತೆ ಕೆಳಗಿಳಿದರು. ದೊಣ್ಣೆಯನ್ನು ಅವಳ ಬಲಗೈಗೆ ಕೊಟ್ಟು, ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನನ್ನ ಮೊಮ್ಮಗಳನ್ನ ಕಚ್ಚಿದ್ದು ಹಕ್ಕಿ ಗೂಡಿನ ಹುಳ. ಇವಳು ಕಚ್ಚಿಲ್ಲ, ಚಿವುಟಿಲ್ಲ. ಇವಳ ಕೈ ಮುರಿದದ್ದು ನಾನು. ಮಗೂನ ಕಾಲು ಉಳಿಸಿದ್ದು ಇವಳು." ಆಮೇಲೆ ತೋಳು ಚಾಚಿದರು.

ಮನ್ನಿಸಿಬಿಡುತ್ತಾಳೆ, ದೊಣ್ಣೆ ಬಿಸಾಡಿ ಅಪ್ಪಿಕೊಳ್ಳುತ್ತಾಳೆ ಎಂದು ನಾನು ನಂಬಿದ್ದೆ. ಗುಬ್ಬಿ ಹೊಡೆದಳು. ಒಂದೇ ಏಟು, ತನ್ನ ಮೈಯ ಭಾರವನ್ನೆಲ್ಲ ಎತ್ತಿ ಹಾಕಿ. ಅತ್ತೆಯ ಬಾಯಿಂದ ಗಾಳಿ ಹೊರಟಿತು, ಮೊಣಕಾಲು ಮಡಿಯಿತು, ಆದರೆ ಬೀಳಲಿಲ್ಲ. ತೋಳಿನ ಮೇಲೆ ಬಾಸುಂಡೆ ನಮ್ಮ ಕಣ್ಣೆದುರಿಗೇ ಏಳುತ್ತಿತ್ತು. ನಮ್ಮವರು ಮುನ್ನುಗ್ಗಿದರು, ಅತ್ತೆ ಇನ್ನೊಂದು ಕೈಯಲ್ಲಿ ಅವರನ್ನು ತಡೆದರು.

ಆಗ ನನ್ನ ಸೊಂಟದ ಮೇಲಿಂದ ಮಗಳು ಎಲ್ಲರಿಗೂ ಸುದ್ದಿ ಹೇಳುವವಳ ಹಾಗೆ ಹೇಳಿದಳು:

"ಗುಬ್ಬಿ ಹೊಡೆದ್ಳು."

"ಹೂಂ. ಹೊಡೆದ್ಳು" ಎಂದಳು ಗುಬ್ಬಿ. ದೊಣ್ಣೆಯನ್ನು ಮೊಣಕಾಲಿಗೆ ಕೊಟ್ಟು ಮುರಿಯಲು ನೋಡಿದಳು. ಒಂದೇ ಕೈಯಲ್ಲಿ ಆಗಲಿಲ್ಲ. ಅತ್ತೆ ಒಂದು ತುದಿ ಹಿಡಿದರು. ಇಬ್ಬರೂ ಸೇರಿ ಕಟ್ಟೆಯ ಅಂಚಿಗೆ ಒತ್ತಿದಾಗ ಅದು ಮುರಿಯಿತು. ತುಂಡುಗಳನ್ನು ಚರಂಡಿಗೆ ಎಸೆದು ಗುಬ್ಬಿ ನನ್ನ ಕಡೆ ತಿರುಗಿದಳು.

"ಪುಟ್ಟಿ ಊಟ ಮಾಡಿದ್ಳಾ ಅಕ್ಕಾ?"

"ಇಲ್ಲ" ಎಂದೆ. "ನನ್ನ ಕೈಲಿ ತಿನ್ನಲ್ಲ ಅವಳು."

"ಕೊಡಿ ಇತ್ಲಾಗೆ" ಎಂದು ಪ್ಲಾಸ್ಟರಿಲ್ಲದ ಕಡೆಯ ಸೊಂಟವನ್ನು ಓರೆ ಮಾಡಿ ನಿಂತಳು.